ಲಾಕ್‌ನ ಹಕ್ಕು, ಮಹಾಡಿನ ನೀರು, ನಮ್ಮ ಕೇರಿಯ ಹುಡುಗಿ

ಪೋಸ್ಟ್ ಉದ್ದ ಇದೆ. ಬಿಡುವಾದಾಗ ಓದಿ. ಬೈಯೋದಿದ್ರೆ ಪೂರ್ತಿ ಓದಿ ಬೈಯಿರಿ.

ಎರಡು ತಿಂಗಳ ಹಿಂದೆ ನಮ್ಮ ಕೇರಿಯ ಯಜಮಾನರು ಪಂಚಾಯ್ತಿ ಸೇರಿಸಿದ್ರು. ಡಿಗ್ರಿ ಮುಗಿಸಿ ಕೆಲಸಕ್ಕೆ ಹೋಗ್ತಿರೋ ಹುಡುಗಿ, ತಾನು ಮೆಚ್ಚಿದವನನ್ನೇ ಮದುವೆ ಆಗ್ತೀನಿ ಅಂದಿದ್ದಳು. ಹುಡುಗನೂ ದಲಿತನೇ. ಆದರೆ ಎಡ-ಬಲದ ಗೆರೆಯ ಆಚೆಯವನು. ಸಂಘಟನೆಯವನು ಅಂತ ನನ್ನನ್ನೂ ಕರೆಸಿದ್ರು. ನಾನು ಏನಂದೆ ಗೊತ್ತಾ? "ಸದ್ಯಕ್ಕೆ ಬೇಡಮ್ಮ, ಒಳಮೀಸಲಾತಿ ಗಲಾಟೆ ಬೇರೆ ಇದೆ, ಕೇರಿಯ ಒಗ್ಗಟ್ಟು ಮುಖ್ಯ."

ಅವಳು ನನ್ನ ಮುಖ ನೋಡಿದಳು. "ಅಣ್ಣಾ, ಏಪ್ರಿಲ್ 14ಕ್ಕೆ ನಮ್ಮ ಕೈಲಿ ಸಂವಿಧಾನದ ಪೀಠಿಕೆ ಓದಿಸಿದ್ದು ನೀವೇ ಅಲ್ವಾ?"

ನನಗೆ ಉತ್ತರ ಬರಲಿಲ್ಲ.

ನಮ್ಮ ವಲಯದಲ್ಲಿ ಒಂದು ಮಾತಿದೆ: ವ್ಯಕ್ತಿಯ ಹಕ್ಕು ಅನ್ನೋದು ಪಾಶ್ಚಾತ್ಯರ ಸರಕು, ಹೊಟ್ಟೆ ತುಂಬಿದವರ ಮಾತು, ನಮಗೆ ಬೇಕಾದ್ದು ಸಮುದಾಯದ ಹಕ್ಕು. ನಾನೂ ವೇದಿಕೆ ಮೇಲೆ ಹಾಗೆ ಹೇಳಿದವನೇ. ಆ ರಾತ್ರಿಯಿಂದ ಹಳೇ ಪುಸ್ತಕ ತೆಗೆದು ಮತ್ತೆ ಓದಿದೆ.

ಆ ಮಾತಿನಲ್ಲಿ ಅರ್ಧ ಸತ್ಯ ಇದೆ. ಇಂಗ್ಲೆಂಡಿನ ಜಾನ್ ಲಾಕ್ 1689ರಲ್ಲಿ ಹೊರತಂದ ಪುಸ್ತಕದಲ್ಲಿ, ಹುಟ್ಟಿನಿಂದ ಎಲ್ಲರೂ ಸ್ವತಂತ್ರರು, ಜೀವ, ಸ್ವಾತಂತ್ರ್ಯ, ಆಸ್ತಿಯ ಹಕ್ಕನ್ನು ದೊರೆಯೂ ಕಿತ್ತುಕೊಳ್ಳುವಂತಿಲ್ಲ ಅಂದ. ಉದಾರವಾದದ ಬುನಾದಿ ಅದು. ಅದೇ ಲಾಕ್, ಆಫ್ರಿಕಾದ ಜನರನ್ನು ಹಿಡಿದು ಮಾರುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಷೇರು ಇಟ್ಟಿದ್ದ. 1669ರಲ್ಲಿ ಅಮೆರಿಕದ ಕೆರೊಲಿನಾ ವಸಾಹತಿಗೆ ಬರೆದ ಕಾನೂನಿನಲ್ಲಿ ಒಡೆಯನಿಗೆ ಗುಲಾಮನ ಮೇಲೆ ಪೂರ್ಣ ಅಧಿಕಾರ ಕೊಡಲಾಯ್ತು. ಆ ಕಡತದ ಕೆಲಸದಲ್ಲೂ ಲಾಕ್ ಕೈ ಇತ್ತು. 1776ರಲ್ಲಿ ಎಲ್ಲರೂ ಸಮಾನರು ಅಂತ ಬರೆದ ಜೆಫರ್ಸನ್ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರ ಒಡೆಯ. ಜಾನ್ ಸ್ಟುವರ್ಟ್ ಮಿಲ್ ನನ್ನ ಹಾಗೇ ಗುಮಾಸ್ತನಾಗಿ ಶುರು ಮಾಡಿದವನು, ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ 35 ವರ್ಷ ದುಡಿದ. 1859ರಲ್ಲಿ ಸ್ವಾತಂತ್ರ್ಯದ ಬಗ್ಗೆ ಪುಸ್ತಕ ಬರೆದು, ಇನ್ನೂ 'ಬಲಿಯದ' ಜನಾಂಗಗಳಿಗೆ ಇದು ಅನ್ವಯಿಸಲ್ಲ ಅಂತ ನಮ್ಮಂಥವರನ್ನು ಹೊರಗಿಟ್ಟ.

ಇಷ್ಟಕ್ಕೇ ಕಡತ ಮುಚ್ಚಿದರೆ ಅದು ಮೋಸ. ಯಾಕಂದ್ರೆ ಬಾಗಿಲ ಹೊರಗೆ ನಿಂತವರೂ ಆ ಮಾತು ಕೇಳಿಸಿಕೊಂಡರು.

1789ರ ಆಗಸ್ಟ್‌ನಲ್ಲಿ ಫ್ರಾನ್ಸ್ ಮನುಷ್ಯನ ಹಕ್ಕುಗಳನ್ನು ಸಾರಿತು. ಹೆಂಗಸರು ಅದರಲ್ಲಿ ಇರಲಿಲ್ಲ. 1791ರಲ್ಲಿ ಒಲಾಂಪ್ ದ ಗೂಜ್ ಅನ್ನೋ ಹೆಣ್ಣುಮಗಳು ಹೆಣ್ಣಿನ ಹಕ್ಕುಗಳ ಘೋಷಣೆಯನ್ನು ತಾನೇ ಬರೆದಳು. 1793ರಲ್ಲಿ ಅವಳ ತಲೆ ಕಡಿದರು. ಅದೇ 1791ರಲ್ಲಿ ಫ್ರಾನ್ಸಿನ ವಸಾಹತು ಸೇಂಟ್ ಡೊಮಿಂಗ್‌ನಲ್ಲಿ ಕಬ್ಬಿನ ತೋಟಗಳ ಗುಲಾಮರು ದಂಗೆ ಎದ್ದರು. ಆಗ, 1794ರಲ್ಲಿ, ಪ್ಯಾರಿಸ್ ಗುಲಾಮಗಿರಿ ರದ್ದು ಮಾಡಿತು. ನೆಪೋಲಿಯನ್ ಅದನ್ನು ಮತ್ತೆ ತರೋಕೆ ಸೈನ್ಯ ಕಳಿಸಿದ. ಅವರು ಅದನ್ನೂ ಸೋಲಿಸಿ, 1804ರ ಜನವರಿ 1ರಂದು ಹೈಟಿ ಅನ್ನೋ ದೇಶ ಕಟ್ಟಿದರು. ಎಲ್ಲರೂ ಅನ್ನೋ ಪದದ ಅರ್ಥ ಹಿಗ್ಗಿಸಿದ್ದು ಯಾವ ತತ್ವಜ್ಞಾನಿಯೂ ಅಲ್ಲ, ಕಬ್ಬು ಕಡಿಯೋ ಗುಲಾಮರು.

ನಮ್ಮಲ್ಲೂ ಹಾಗೇ. ಜೋತಿಬಾ ಫುಲೆ ಥಾಮಸ್ ಪೈನ್‌ನ ಹಕ್ಕುಗಳ ಪುಸ್ತಕ ಓದಿದರು. 1873ರಲ್ಲಿ ಬಂದ 'ಗುಲಾಮಗಿರಿ'ಯನ್ನು, ಕಪ್ಪು ಜನರ ದಾಸ್ಯ ಕೊನೆಗಾಣಿಸಿದ ಅಮೆರಿಕದ ಜನರಿಗೆ ಅರ್ಪಿಸಿದರು.

ಈಗ ಮಹಾಡಿಗೆ ಬನ್ನಿ. 1923ರಲ್ಲೇ ಮುಂಬಯಿ ಶಾಸನಸಭೆ ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ಮುಕ್ತ ಅಂತ ನಿರ್ಣಯ ಮಾಡಿತ್ತು. ಮಹಾಡ್ ಪುರಸಭೆಯೂ ಒಪ್ಪಿತ್ತು. ಕಾಗದದ ಮೇಲೆ ಹಕ್ಕು ಇತ್ತು, ಬಾಯಿಗೆ ನೀರಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಹೋಗಿ ಚವದಾರ್ ಕೆರೆಯ ನೀರು ಕುಡಿದರು. ಅವತ್ತು ನಮ್ಮವರಿಗೆ ಹೊಡೆದದ್ದು ಊರು. ಸಗಣಿ, ಗಂಜಲ ಹಾಕಿ ಕೆರೆ 'ಶುದ್ಧ' ಮಾಡಿದ್ದೂ ಊರೇ. ಡಿಸೆಂಬರ್‌ನಲ್ಲಿ ಮತ್ತೆ ಹೋಗುವಷ್ಟರಲ್ಲಿ ಮೇಲ್ಜಾತಿಯವರು ಕೋರ್ಟಿಗೆ ಹೋಗಿ, ಕೆರೆ ನಮ್ಮ ಖಾಸಗಿ ಆಸ್ತಿ ಅಂತ ತಡೆಯಾಜ್ಞೆ ತಂದಿದ್ರು. ನೋಡಿ, ಲಾಕ್ ಹೇಳಿದ ಆಸ್ತಿ ಹಕ್ಕನ್ನೇ ಹಿಡ್ಕೊಂಡು ಬಂದರು! ಹೈಕೋರ್ಟಿನಲ್ಲಿ ನಾವು ಗೆದ್ದದ್ದು 1937ರಲ್ಲಿ. ಅದೇ ಡಿಸೆಂಬರ್ ಸಮ್ಮೇಳನದಲ್ಲಿ ಬಾಬಾಸಾಹೇಬರು ತಮ್ಮ ಸಭೆಯನ್ನು 1789ರ ಫ್ರಾನ್ಸಿನ ಸಭೆಗೆ ಹೋಲಿಸಿದರು.

ಯುರೋಪಿನ ಉದಾರವಾದಿಗಳು ಹೆಚ್ಚಾಗಿ ಹೆದರಿದ್ದು ದೊರೆಗೆ, ಸರ್ಕಾರಕ್ಕೆ. ಸರ್ಕಾರಕ್ಕಿಂತ ಸಮಾಜವೇ ಕ್ರೂರಿ ಆಗಬಹುದು ಅಂತ ಮಿಲ್ ಬರೆದಿದ್ದ, ನಿಜ. ಆದರೆ ಅದನ್ನು ಮೈಮೇಲೆ ಉಂಡವರು ನಾವು. ಅದಕ್ಕೇ ನಮ್ಮ ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಅಂತ ಒಂದೊಂದೇ ಹೆಸರು ಹಿಡಿದು ಹೇಳುತ್ತೆ. 17ನೇ ವಿಧಿ ಅಸ್ಪೃಶ್ಯತೆಯನ್ನು ಅಪರಾಧ ಮಾಡುತ್ತೆ. ಈ ಹಕ್ಕುಗಳನ್ನು ಸರ್ಕಾರದ ಎದುರು ಮಾತ್ರ ಅಲ್ಲ, ಪಕ್ಕದ ಮನೆಯವನ ಎದುರೂ ಎತ್ತಿ ಹಿಡಿಯಬಹುದು.

1948ರ ನವೆಂಬರ್ 4ರಂದು, ಕರಡಿನಲ್ಲಿ ಹಳ್ಳಿಗೆ ಜಾಗ ಕೊಟ್ಟಿಲ್ಲ ಅಂತ ದೂರಿದವರಿಗೆ ಬಾಬಾಸಾಹೇಬರು ಸಭೆಯಲ್ಲೇ ಉತ್ತರ ಕೊಟ್ಟರು. ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಹಿಡಿದದ್ದು ತಮಗೆ ಸಂತೋಷ ಅಂದರು. ಈ ಮಾತನ್ನು ನಾವು ಊರಿನವರಿಗೆ ನೂರು ಸಲ ಓದಿ ಹೇಳಿದ್ದೀವಿ. ಕೇರಿಗೆ ಎಷ್ಟು ಸಲ ಹೇಳಿದ್ದೀವಿ?

ಸಮುದಾಯ ಬೇಡ ಅಂತಲ್ಲ. ಒಗ್ಗಟ್ಟಿಲ್ಲದೆ ಮಹಾಡ್ ಆಗ್ತಿರಲಿಲ್ಲ, ಮೀಸಲಾತಿ ಉಳಿಯಲ್ಲ. ಆದರೆ ಅಷ್ಟು ಜನ ಕೂಡಿ ಹೋದದ್ದು ಪ್ರತಿಯೊಬ್ಬರ ಬೊಗಸೆಗೂ ನೀರು ಸಿಗಲಿ ಅಂತ. ಮದುವೆ ವಿಷಯದಲ್ಲಂತೂ ಸುಪ್ರೀಂ ಕೋರ್ಟ್ 2018ರಲ್ಲಿ ಶಕ್ತಿ ವಾಹಿನಿ ಪ್ರಕರಣದಲ್ಲಿ ಹೇಳಿಯಾಗಿದೆ: ವಯಸ್ಕರಿಬ್ಬರು ಒಪ್ಪಿದರೆ ಮನೆಯವರದ್ದಾಗಲಿ ಕುಲದ್ದಾಗಲಿ ಒಪ್ಪಿಗೆ ಬೇಕಿಲ್ಲ.

ಹೋದ ಭಾನುವಾರ ಅವಳ ಮನೆಗೆ ಹೋಗಿ ತಪ್ಪಾಯ್ತು ತಾಯಿ ಅಂದೆ. ಅವಳು ನಗಲಿಲ್ಲ, ಟೀ ಕೊಟ್ಟಳು. ವಿಶೇಷ ವಿವಾಹ ಕಾಯ್ದೆಯಡಿ ನೋಟಿಸ್ ಕೊಟ್ಟಿದ್ದಾರೆ. 30 ದಿನ ಕಾಯಬೇಕು, ಆಮೇಲೆ ಮೂವರು ಸಾಕ್ಷಿ ಬೇಕು. ಒಬ್ಬ ನಾನು. ಯಜಮಾನರು ಈಗ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಇದನ್ನು ಅವಳ ಒಪ್ಪಿಗೆ ಪಡೆದೇ ಬರೀತಿದ್ದೀನಿ.

ಜೈಭೀಮ್.