ಬರಿಗಾಲಿನವರಿಗೊಂದು ಪಾದ

ಕೃತಕ ಕಾಲಿನ ಕಲ್ಪನೆ ಮನುಷ್ಯನಿಗೆ ಹೊಸದಲ್ಲ. ಋಗ್ವೇದದ ಮೊದಲನೆಯ ಮಂಡಲದಲ್ಲೇ ವಿಶ್ಪಲೆಯ ಪ್ರಸಂಗ ಬರುತ್ತದೆ. ಕಾಳಗದಲ್ಲಿ ಕಾಲು ಕಳೆದುಕೊಂಡ ಅವಳಿಗೆ ಅಶ್ವಿನೀದೇವತೆಗಳು ಲೋಹದ ಕಾಲನ್ನು ಜೋಡಿಸಿದರಂತೆ. ಅವಳು ಮತ್ತೆ ಕಣಕ್ಕೆ ಇಳಿಯಲೆಂದು ಅದನ್ನು ಕೊಟ್ಟರೆಂಬ ಮಾತು ನನಗೆ ಬಹಳ ಅರ್ಥವತ್ತಾಗಿ ಕಾಣುತ್ತದೆ. ಆ ದೇವವೈದ್ಯರು ಕಾಲನ್ನು ಅಳೆದದ್ದು ಅವಳ ಬದುಕಿನ ಅಳತೆಗೋಲಿನಿಂದ. ಈ ಹೊತ್ತು ನಾನು ಹೇಳಹೊರಟಿರುವುದು, ಮನುಷ್ಯವೈದ್ಯರು ಆ ಅಳತೆಗೋಲನ್ನು ಮತ್ತೆ ಕೈಗೆತ್ತಿಕೊಂಡ ಕಥೆಯನ್ನು.

ಹದಿನಾರನೆಯ ಶತಮಾನದಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರ್ವಾಸ್ ಪಾರೆ ಕೀಲುಗಳುಳ್ಳ ಕೃತಕ ಕಾಲನ್ನು ರೂಪಿಸಿದ. ಮುಂದೆ ಯುದ್ಧಗಳು ಬೆಳೆದಂತೆ ಈ ವಿದ್ಯೆಯೂ ಬೆಳೆಯಿತು. ಎರಡನೆಯ ಮಹಾಯುದ್ಧದ ತರುವಾಯ, 1950ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 'ಸ್ಯಾಚ್' ಎಂಬ ಪಾದ ಸಿದ್ಧವಾಯಿತು. ಒಳಗೆ ಗಟ್ಟಿಯಾದ ಮರದ ತಿರುಳು, ಹಿಮ್ಮಡಿಯಲ್ಲಿ ಮೆತ್ತನೆಯ ರಬ್ಬರು, ಬಾಗದ ಹರಡು. ಕುರ್ಚಿಯಲ್ಲಿ ಕುಳಿತು, ಬೂಟು ತೊಟ್ಟು, ಸಮತಟ್ಟಾದ ಬೀದಿಯಲ್ಲಿ ನಡೆಯುವವರಿಗೆ ಅದು ವರದಾನವೇ ಆಯಿತು.

ಅಂಥ ಕಾಲುಗಳು ನಮ್ಮ ದೇಶಕ್ಕೂ ಬಂದವು. ಜಯಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯ ಮೂಳೆತಜ್ಞ ಡಾ. ಪ್ರಮೋದ್ ಕರಣ್ ಸೇಠಿಯವರು ಒಂದು ಸಂಗತಿಯನ್ನು ಗಮನಿಸಿದರು. ಕೃತಕ ಕಾಲು ಪಡೆದವರು ಊರಿಗೆ ಹೋದಮೇಲೆ ಅದನ್ನು ಮೂಲೆಗಿಟ್ಟು ಮತ್ತೆ ಊರುಗೋಲು ಹಿಡಿಯುತ್ತಿದ್ದರು. ಹಳ್ಳಿಗರ ಅಜ್ಞಾನವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭವಿತ್ತು. ಸೇಠಿಯವರು ದೋಷವನ್ನು ಕಾಲಿನಲ್ಲೇ ಹುಡುಕಿದರು. ನಮ್ಮ ರೈತ ಕೆಸರುಗದ್ದೆಗೆ ಇಳಿಯಬೇಕು, ಚಕ್ಕಳಮಕ್ಕಳ ಹಾಕಿ ಕುಳಿತು ಉಣ್ಣಬೇಕು, ಕುಕ್ಕರಗಾಲಿನಲ್ಲಿ ಕೂರಬೇಕು, ದೇವಸ್ಥಾನಕ್ಕೂ ಅಡಿಗೆಮನೆಗೂ ಬರಿಗಾಲಿನಲ್ಲಿ ಹೋಗಬೇಕು. ಬೂಟನ್ನು ಬೇಡುವ, ನೀರು ಸೋಕಿದರೆ ಕೆಡುವ, ಹರಡು ಬಾಗದ ಪಾದ ಇವುಗಳಲ್ಲಿ ಯಾವುದಕ್ಕೂ ಒದಗುವಂತಿರಲಿಲ್ಲ.

ಪರಿಹಾರ ಬಂದದ್ದು ಕುಶಲಕರ್ಮಿಯೊಬ್ಬರ ಕೈಯಿಂದ. ರಾಮಚಂದ್ರ ಶರ್ಮರು ಹೆಚ್ಚು ಓದಿದವರಲ್ಲ. ಕೈಕೆಲಸದಲ್ಲಿ ಮಾತ್ರ ನಿಷ್ಣಾತರು. ಸೈಕಲ್ಲು, ಲಾರಿಗಳ ಟೈರಿಗೆ ಹೊಸ ಮೈ ಕೊಡುವ ಅಂಗಡಿಗಳಲ್ಲಿ ರಬ್ಬರನ್ನು ಕಾಯಿಸಿ ಗಟ್ಟಿಮಾಡುವ ಕ್ರಮವಿತ್ತಷ್ಟೆ. ಆ ಕ್ರಮವೇ ಇಲ್ಲಿ ನೆರವಿಗೆ ಬಂತು. ಉದ್ದನೆಯ ತಿರುಳಿನ ಬದಲು ಮರದ ತುಂಡು ಮತ್ತು ಸ್ಪಂಜಿನಂಥ ರಬ್ಬರಿನ ತುಂಡುಗಳು, ಅವನ್ನು ಬಿಗಿಯಲು ಟೈರಿನ ನೂಲು, ಹೊರಗೆ ಚರ್ಮದ ಬಣ್ಣದ ರಬ್ಬರಿನ ಹೊದಿಕೆ. ಎಲ್ಲವನ್ನೂ ಅಚ್ಚಿನಲ್ಲಿಟ್ಟು ಬೇಯಿಸಿದಾಗ ಬೆರಳುಗಳು ಕಾಣುವ ಪಾದವೇ ಹೊರಬಂತು. ಅದು ಹಲವು ದಿಕ್ಕಿಗೆ ಬಾಗುತ್ತಿತ್ತು, ನೀರಿಗೆ ಹೆದರುತ್ತಿರಲಿಲ್ಲ, ಬೂಟನ್ನು ಕೇಳುತ್ತಿರಲಿಲ್ಲ. 1968ರ ವೇಳೆಗೆ 'ಜಯಪುರ ಪಾದ' ರೂಪುಗೊಂಡಿತು.

ಅದು ಮೊದಲ ವರ್ಷಗಳಲ್ಲಿ ತಲುಪಿದ್ದು ಕೆಲವರನ್ನಷ್ಟೆ. 1975ರಲ್ಲಿ ಡಿ. ಆರ್. ಮೆಹತಾ ಅವರು ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯನ್ನು ಸ್ಥಾಪಿಸಿ ಉಚಿತವಾಗಿ ಹಂಚಲು ತೊಡಗಿದಮೇಲೆ ಲಕ್ಷಾಂತರ ಜನ ಎದ್ದು ನಡೆದರು. ನೆಲಬಾಂಬಿಗೆ ಕಾಲು ತೆತ್ತ ಆಫ್ಘಾನಿಸ್ತಾನದವರೂ ಅವರಲ್ಲಿ ಸೇರಿದ್ದರು. ಪಾದಕ್ಕೆ ಯಾರೂ ಪೇಟೆಂಟ್ ಪಡೆಯಲಿಲ್ಲ. ಕೊಳ್ಳಲಾರದವನು ಮಾರುಕಟ್ಟೆಯ ಲೆಕ್ಕಕ್ಕೇ ಬಾರದಿರುವಾಗ, ಅವನನ್ನೇ ಎದುರಿಗಿಟ್ಟುಕೊಂಡು ಮಾಡಿದ ವಸ್ತು ಇದು.

ಇದರಲ್ಲಿ ಕುಂದುಗಳಿಲ್ಲವೆಂದಲ್ಲ. ಪಾದ ತುಸು ಭಾರ. ಕೈಯಿಂದ ಮಾಡಿದ್ದಾದ್ದರಿಂದ ಒಂದರ ಗುಣ ಇನ್ನೊಂದರಲ್ಲಿ ಇರುತ್ತದೆಂಬ ಭರವಸೆಯಿಲ್ಲ. ಅದಕ್ಕಿಂತ ನನ್ನನ್ನು ಕಾಡುವ ಕುಂದು ಬೇರೆ. 1981ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಸೇಠಿಯವರಿಗೆ ಸಂದಿತು. ಅವರು ಅದಕ್ಕೆ ಸರ್ವಥಾ ಅರ್ಹರು. ಆದರೆ ಜಯಪುರ ಪಾದದ ಹೆಸರು ಕೇಳಿದವರಲ್ಲಿ ರಾಮಚಂದ್ರ ಶರ್ಮರ ಹೆಸರು ಬಲ್ಲವರು ಎಷ್ಟು ಮಂದಿ? ದೇಹದ ಶಾಸ್ತ್ರ ಬಲ್ಲವರೂ ರಬ್ಬರಿನ ಹದ ಬಲ್ಲವರೂ ಒಂದೇ ಮಣೆಯ ಮೇಲೆ ಕುಳಿತದ್ದರಿಂದ ಈ ಪಾದ ಸಾಧ್ಯವಾಯಿತು. ಆ ಸಹಪಂಕ್ತಿ ನಮ್ಮ ಚರಿತ್ರೆಯಲ್ಲಿ ಅಪರೂಪ. ಚರಿತ್ರೆಯನ್ನು ಬರೆಯುವ ನಾವಾದರೂ ಇಬ್ಬರಿಗೂ ಒಂದೇ ಸಾಲಿನಲ್ಲಿ ಎಲೆ ಹಾಕಬೇಕು.