ಕಾರಿನ ಬಣ್ಣಕ್ಕೆ ಕ್ಲೇ: ಯಾವುದನ್ನು ಆರಿಸಬೇಕು, ಹೇಗೆ ಬಳಸಬೇಕು

ಆಯುಧ ಪೂಜೆಗೆಂದು ಕಾರನ್ನು ಎಷ್ಟೇ ಚೆನ್ನಾಗಿ ತೊಳೆದರೂ, ಕೆಲವೊಮ್ಮೆ ಬಾನೆಟ್ ಮೇಲೆ ಕೈಯಾಡಿಸಿದಾಗ ತರಿತರಿಯಾಗಿಯೇ ಇರುತ್ತದೆ. ಬ್ರೇಕಿನಿಂದ ಹಾರಿದ ಕಬ್ಬಿಣದ ಕಣ, ಪೇಂಟಿನ ಸಿಂಪರಣೆ, ಮರದ ಅಂಟು ಇವೆಲ್ಲ ಬಣ್ಣಕ್ಕೆ ಕಚ್ಚಿಕೊಂಡಿರುತ್ತವೆ. ರೈಲು ನಿಲ್ದಾಣದ ಬಳಿ ದಿನವಿಡೀ ನಿಲ್ಲುವ ಬಿಳಿ ಕಾರುಗಳ ಮೇಲೆ ತುಕ್ಕಿನ ಸಣ್ಣ ಚುಕ್ಕೆಗಳೂ ಕಾಣಿಸಬಹುದು. ಇಂಥವನ್ನು ತೆಗೆಯುವ ಸಾಧನವೇ ಕ್ಲೇ.

ಹೆಸರು ಕ್ಲೇ ಎಂದಿದ್ದರೂ ಇದು ಕುಂಬಾರರ ಜೇಡಿಮಣ್ಣಲ್ಲ. ಕಣಕದಂತೆ ನಾದಬಹುದಾದ ಕೃತಕ ಪದಾರ್ಥಕ್ಕೆ ಅತಿ ನುಣ್ಣನೆಯ ಉಜ್ಜುಪುಡಿ ಬೆರೆಸಿರುತ್ತಾರೆ. ಒದ್ದೆ ಮೇಲ್ಮೈ ಮೇಲೆ ಜಾರುವಾಗ ಅದು ಉಬ್ಬಿ ನಿಂತ ಕಣಗಳನ್ನು ಕಿತ್ತು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಗೀರು, ಮಾಸಿದ ಬಣ್ಣ, ಗಡಸು ನೀರು ಕೊರೆದ ಗುಳಿ ಇವು ಕ್ಲೇಯಿಂದ ಹೋಗುವುದಿಲ್ಲ. ಅವಕ್ಕೆ ಪಾಲಿಶ್ ಬೇಕು.

ಮೊದಲು ಪರೀಕ್ಷೆ: ತೊಳೆದ ಕಾರಿನ ಮೇಲೆ ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಮೆಲ್ಲನೆ ಸವರಿ. ತರಿ ತಗುಲಿದರೆ ಮಾತ್ರ ಕ್ಲೇ ಬೇಕು. ನುಣುಪಾಗಿದ್ದರೆ ಬೇಡ. ಪ್ರತಿ ತೊಳೆತಕ್ಕೂ ಕ್ಲೇ ಹಾಕಿದರೆ ಕ್ಲಿಯರ್ ಕೋಟ್ ಸುಮ್ಮನೆ ಸವೆಯುತ್ತದೆ.

ಯಾವುದನ್ನು ಆರಿಸಬೇಕು?

ಕ್ಲೇ ಬಾರ್: ಬಂಪರಿನ ಮೂಲೆ, ಕನ್ನಡಿಯ ಸುತ್ತಲಿನ ಸಂದುಗಳಿಗೆ ಹೊಂದುತ್ತದೆ. ನುಣುಪು, ಮಧ್ಯಮ, ಒರಟು ಎಂಬ ದರ್ಜೆಗಳಿವೆ. ಮನೆಬಳಕೆಗೆ ನುಣುಪು ದರ್ಜೆಯೇ ಸಾಕು. ನೆಲಕ್ಕೆ ಬಿದ್ದ ಬಾರನ್ನು ಎಸೆದುಬಿಡಿ. ಅದಕ್ಕೆ ಅಂಟಿದ ಒಂದೇ ಮರಳಿನ ಕಣ ಇಡೀ ಬಾಗಿಲನ್ನು ಗೀರಬಲ್ಲದು.

ಕ್ಲೇ ಮಿಟ್, ಟವೆಲ್, ಪ್ಯಾಡ್: ಇವುಗಳ ಒಂದು ಬದಿಗೆ ರಬ್ಬರಿನಂಥ ಪದರವಿರುತ್ತದೆ. ಕೆಲಸ ಬೇಗ ಮುಗಿಯುತ್ತದೆ, ಕೆಳಗೆ ಬಿದ್ದರೆ ಚೆನ್ನಾಗಿ ತೊಳೆದು ಮತ್ತೆ ಬಳಸಬಹುದು. ಆದರೆ ಬಾರಿನಷ್ಟು ಸೂಕ್ಷ್ಮ ಅನುಭವ ಕೈಗೆ ಸಿಗುವುದಿಲ್ಲ. ಹೊಸದನ್ನು ಮೊದಲು ಒದ್ದೆ ಗಾಜಿನ ಮೇಲೆ ಉಜ್ಜಿ ಪಳಗಿಸಿಕೊಳ್ಳಿ.

ಬಳಸುವ ಕ್ರಮ

1. ನೆರಳಿನಲ್ಲಿ, ಬಾಡಿ ತಣ್ಣಗಿರುವಾಗ ಶಾಂಪೂ ಹಾಕಿ ಕಾರು ತೊಳೆಯಿರಿ. ಕಬ್ಬಿಣದ ಕಣ ಹೆಚ್ಚಿದ್ದರೆ ಐರನ್ ರಿಮೂವರ್ ಸಿಂಪಡಿಸಿ. ಅದು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಒಣಗುವ ಮೊದಲೇ ತೊಳೆಯಿರಿ.

2. ಬಾರನ್ನು ಮೂರ್ನಾಲ್ಕು ತುಂಡು ಮಾಡಿ, ಒಂದನ್ನು ಅಂಗೈಯಲ್ಲಿ ತಟ್ಟಿ ಚಪ್ಪಟೆ ಮಾಡಿ. ಊಟಿಯ ಚಳಿಗೆ ಗಟ್ಟಿಯಾದರೆ ಬೆಚ್ಚಗಿನ ನೀರಿನಲ್ಲಿ ಅದ್ದಿ ನಾದಿ. ಸೊಲ್ಲಾಪುರದ ಬೇಸಿಗೆಗೆ ತೀರ ಮೆತ್ತಗಾಗಿ ಬಣ್ಣಕ್ಕೆ ಮೆತ್ತಿಕೊಂಡರೆ ತಣ್ಣೀರಿನಲ್ಲಿಡಿ.

3. ಒಂದು ಸಲಕ್ಕೆ ಎರಡು ಅಡಿ ಚೌಕದಷ್ಟು ಜಾಗ ಸಾಕು. ಅಲ್ಲಿ ಕ್ಲೇ ಲೂಬ್ರಿಕೆಂಟ್ ಧಾರಾಳವಾಗಿ ಸಿಂಪಡಿಸಿ. ಶಾಂಪೂ ಬೆರೆಸಿದ ನೀರೂ ಆಗುತ್ತದೆ, ಬರೀ ನೀರು ಸಾಲದು.

4. ಒತ್ತದೆ, ನೇರ ಗೆರೆಯಲ್ಲಿ ಹಿಂದೆ ಮುಂದೆ ಜಾರಿಸಿ. ವೃತ್ತಾಕಾರವಾಗಿ ಉಜ್ಜಬೇಡಿ. ಮೊದಲಿಗೆ ಕ್ಲೇ ತಡೆದು ತಡೆದು ಹೋಗುತ್ತದೆ, ಸರಾಗವಾಗಿ ಜಾರತೊಡಗಿದರೆ ಆ ಜಾಗ ಮುಗಿದಂತೆ. ಕ್ಲೇ ಕೊಳೆಯಾದಾಗ ಮಡಚಿ ಹೊಸ ಮುಖ ತಿರುಗಿಸಿ. ಬಾಗಿಲಿನ ಕೆಳಭಾಗವನ್ನು ಕೊನೆಗೆ ಮಾಡಿ, ಅಲ್ಲಿಯೇ ಮಣ್ಣು ಹೆಚ್ಚು.

5. ತೊಳೆದು ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಮತ್ತೆ ಚೀಲದ ಪರೀಕ್ಷೆ ಮಾಡಿ. ಹಳೆಯ ವ್ಯಾಕ್ಸ್ ಕ್ಲೇ ಜೊತೆಗೆ ಹೋಗಿರುವುದರಿಂದ ಅದೇ ದಿನ ಹೊಸ ವ್ಯಾಕ್ಸ್ ಅಥವಾ ಸೀಲೆಂಟ್ ಹಚ್ಚಿ. ಗಾಢ ಬಣ್ಣದ ಕಾರಿನಲ್ಲಿ ಮಸುಕು ಗೆರೆ ಕಂಡರೆ ಅದಕ್ಕೆ ಮುಂಚೆ ಹಗುರ ಪಾಲಿಶ್ ಮಾಡಿ.

ಮ್ಯಾಟ್ ಪೇಂಟಿಗೆ ಕ್ಲೇ ಬಳಸಲೇಬಾರದು. ಸೆರಾಮಿಕ್ ಕೋಟಿಂಗ್ ಅಥವಾ ಫಿಲ್ಮ್ ಹಾಕಿಸಿದ್ದರೆ, ಹಾಕಿದವರನ್ನು ಕೇಳಿಯೇ ಮುಂದುವರಿಯಿರಿ. ಉಳಿದ ಕ್ಲೇಯನ್ನು ಸ್ವಲ್ಪ ಲೂಬ್ರಿಕೆಂಟ್ ಸಿಂಪಡಿಸಿ ಗಾಳಿಯಾಡದ ಡಬ್ಬಿಯಲ್ಲಿಡಿ.

ಸರ್ವಿಸ್‌ಗೆ ಬಿಟ್ಟಾಗ ಕ್ಲೇ ಮಾಡಿಸಿ ಎಂದು ಹೇಳಿದರೆ, ಮೊದಲು ಚೀಲದ ಪರೀಕ್ಷೆಯನ್ನು ನಿಮ್ಮ ಕೈಯಿಂದಲೇ ಮಾಡಿ ನೋಡಿ ಎಂಬುದು ಸದಸ್ಯರಿಗೆ ನಮ್ಮ ಸಲಹೆ. ಸವೆದ ಕ್ಲಿಯರ್ ಕೋಟನ್ನು ಮರಳಿ ತರಲು ಮತ್ತೆ ಪೇಂಟ್ ಹೊಡೆಸುವುದೊಂದೇ ದಾರಿ.