ನಲವತ್ತೊಂದು ಅಡಿಯ ಕಲ್ಲು

ನನ್ನ ತವರು ದೇವದುರ್ಗದ ಕಡೆಯ ಒಂದು ಹಳ್ಳಿ, ಗಂಡನ ಊರು ಮಾನ್ವಿ, ಸಂಸಾರ ಹೂಡಿದ್ದು ರಾಯಚೂರಿನಲ್ಲಿ. ಹಬ್ಬಕ್ಕೊಮ್ಮೆ ಅಲ್ಲಿಗೆ, ಜಾತ್ರೆಗೊಮ್ಮೆ ಇಲ್ಲಿಗೆ ಎಂದು ಓಡಾಡುವಾಗ ಬಸ್ಸಿನ ಕಿಟಕಿಯಾಚೆ ಕಾಣುವುದು ಎರೆಹೊಲ ಮತ್ತು ಒಂದರ ಮೇಲೊಂದು ಪೇರಿಸಿಟ್ಟಂಥ ಗುಂಡುಗಲ್ಲುಗಳ ಗುಡ್ಡ. ಬಿಸಿಲು, ಕಲ್ಲು ಬಿಟ್ಟರೆ ನಮ್ಮ ಸೀಮೆಯಲ್ಲಿ ಏನಿದೆ ಎಂದು ನಾನೇ ಎಷ್ಟೋ ಸಲ ಗೊಣಗಿದ್ದೇನೆ.

ಆ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ ಎಂದು ಮಗಳು ತನ್ನ ಪುಸ್ತಕ ಓದಿ ಹೇಳಿದಾಗ ನಂಬಲಾಗಲಿಲ್ಲ. ಭೂಮಿಯ ಒಡಲೊಳಗೆ ಕರಗಿದ್ದ ಕಲ್ಲು ನಿಧಾನವಾಗಿ ಆರಿ ಗಟ್ಟಿಯಾಯಿತಂತೆ. ಮೇಲಿನ ಪದರ ಸವೆದು ಹೋಗಿ ಅದು ಹೊರಗೆ ಬಂತು. ಬಿರುಕುಗಳಲ್ಲಿ ನೀರು ಇಳಿದು, ಬಿಸಿಲಿಗೆ ಕಾಯ್ದು, ಇರುಳಿಗೆ ತಣಿದು, ಉಳ್ಳಾಗಡ್ಡಿಯ ಸಿಪ್ಪೆಯಂತೆ ಸುಲಿದು ಸುಲಿದು ಮೂಲೆಗಳೆಲ್ಲ ಗುಂಡಗಾದವು. ಕೃಷ್ಣೆ, ತುಂಗಭದ್ರೆಯರ ನಡುವಿನ ಈ ನೆಲಕ್ಕಾಗಿ ಅರಸರು ತಲೆತಲಾಂತರ ಬಡಿದಾಡಿದರು. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲಶಾಹನನ್ನು ಸೋಲಿಸಿದ್ದು ಇದೇ ರಾಯಚೂರಿಗಾಗಿ. ಕಲ್ಲು ಮಾತ್ರ ಯಾರ ಪಕ್ಷವನ್ನೂ ವಹಿಸದೆ ಕೂತಿತ್ತು.

ಕಳೆದ ವರ್ಷ ಎಪ್ಪತ್ತು ದಾಟಿದ ಅವ್ವ ಕಣ್ಣು ತೋರಿಸಲು ನಮ್ಮಲ್ಲಿಗೆ ಬಂದಿದ್ದಳು. ದವಾಖಾನೆಯಿಂದ ಬರುವಾಗ ಕೋಟೆಯ ಗೋಡೆಯ ಬಳಿ ನಿಂತೆವು. ಒಳಗೋಡೆ ಕಾಕತೀಯರ ಕಾಲದ್ದು. ಸುಣ್ಣವಿಲ್ಲ, ಗಾರೆಯಿಲ್ಲ, ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದ್ದಾರೆ. ಅದರಲ್ಲೊಂದು ಕಲ್ಲಿನ ಉದ್ದ 41 ಅಡಿ 8 ಅಂಗುಲ! 1294ರಲ್ಲಿ ಗೋರೆ ಗಂಗಯ್ಯ ರೆಡ್ಡಿ ಕೋಟೆ ಕಟ್ಟಿಸಿದ ಸಂಗತಿಯನ್ನು ಅದರ ಮೇಲೆ ತೆಲುಗಿನಲ್ಲಿ ಕೆತ್ತಿದ್ದಾರೆ.

"ಏನ್ ಬರದಾರ ಇದ್ರಾಗ?" ಎಂದಳು ಅವ್ವ. ಹೇಳಿದೆ. ಅವಳಿಗೆ ಅದು ಹಿಡಿಸಲಿಲ್ಲ. ಅವಳ ಕಣ್ಣು ಪಕ್ಕದ ಗೆರೆಚಿತ್ರದ ಮೇಲಿತ್ತು. ಈ ಕಲ್ಲನ್ನೇ ಬಂಡಿಯ ಮೇಲೆ ಹೇರಿದ್ದಾರೆ, ಕೋಣಗಳ ಸಾಲು ಎಳೆಯುತ್ತಿದೆ, ಆಳುಗಳು ಹುರಿದುಂಬಿಸುತ್ತಿದ್ದಾರೆ, ಹಿಂದಿನಿಂದ ಕೆಲವರು ಗಾಲಿಗೆ ಸನಿಕೆ ಕೊಟ್ಟು ಮೀಟುತ್ತಿದ್ದಾರೆ.

"ಇವ್ರ ಹೆಸರು ಎಲ್ಲೈತಿ?"

"ಇಲ್ಲಬೇ."

ಅವ್ವ ಗೋಡೆಗೆ ಅಂಗೈ ಊರಿ ನಿಂತಳು. "ಕಲ್ಲಿಗೂ ಎಳಿ ಇರ್ತದ, ತಂಗಿ. ಎಳಿ ನೋಡಿ ಹೊಡದ್ರ ಒಡೀತದ. ಇಲ್ಲಾಂದ್ರ ಕೈ ಒಡೀತದ."

"ನಿನಗ ಹ್ಯಾಂಗ ಗೊತ್ತು?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು. 1972ರ ಬರದಲ್ಲಿ, ಮದುವೆಯಾದ ಹೊಸತರಲ್ಲಿ, ರಸ್ತೆಯ ಕೆಲಸಕ್ಕೆ ಕಲ್ಲು ಒಡೆಯಲು ಹೋಗಿದ್ದಳಂತೆ. ದಿನವಿಡೀ ಬಿಸಿಲಲ್ಲಿ ಕೂತು ಒಡೆದದ್ದನ್ನು ಸಂಜೆ ಅಳತೆ ಹಾಕಿ ಕೂಲಿ ಕೊಡುತ್ತಿದ್ದರು. ಅವಳ ಎಡಗೈಯ ಹೆಬ್ಬೆರಳು ಸೊಟ್ಟಗಿರುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಬಾಗಿಲ ಸಂದಿಗೆ ಸಿಕ್ಕಿತ್ತು ಎಂದೇ ಹೇಳಿದ್ದಳು.

"ಯಾಕ ಹೇಳ್ಲಿಲ್ಲ?"

"ನೀ ಸಾಲಿ ಕಲ್ತಾಕಿ. ನಿನ್ನ ಗಂಡನ ಮನಿಯಾಗ ನಮ್ಮವ್ವ ಕಲ್ಲು ಒಡದಾಕಿ ಅಂತ ಹೇಳ್ಕೋತಿದ್ದೆನು?"

ನನಗೆ ಉತ್ತರ ತೋಚಲಿಲ್ಲ. ಹೇಳಿಕೊಳ್ಳುತ್ತಿರಲಿಲ್ಲ ಎಂಬುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆ ಅಶೋಕನ ಹೆಸರೂ ಇತ್ತು. ಅಲ್ಲಿಯವರೆಗೆ ಬಿರುದಷ್ಟೇ ಕಾಣುತ್ತಿದ್ದ ಶಾಸನಗಳೆಲ್ಲ ಅವನವೇ ಎಂದು ಖಚಿತವಾಯಿತು. ಚಕ್ರವರ್ತಿಗೇ ತನ್ನ ಹೆಸರು ಮರಳಿ ಸಿಗಲು ಅಷ್ಟು ಕಾಲ ಹಿಡಿಯಿತು. ಬಂಡಿಯ ಹಿಂದೆ ಸನಿಕೆ ಹಿಡಿದವರಿಗೆ ಅದು ಇನ್ನೂ ಸಿಕ್ಕಿಲ್ಲ. ಅವರ ಚಿತ್ರವನ್ನಾದರೂ ಯಾರೋ ಕೆತ್ತಿದರು. ಬರಗಾಲದ ರಸ್ತೆಯ ಕೆಳಗಿರುವ ಜಲ್ಲಿಗೆ ಅದೂ ಇಲ್ಲ.

ಮುಂದಿನ ಯುಗಾದಿಗೆ ಮಾನ್ವಿಗೆ ಹೋದಾಗ ಅತ್ತೆಯವರ ಎದುರಿಗೆ ಕೂತು ಈ ಮಾತು ಹೇಳಿದೆ. ಹೋಳಿಗೆ ಲಟ್ಟಿಸುತ್ತಿದ್ದ ಅವರ ಕೈ ನಿಂತಿತು. "ನಾನೂ ಮಣ್ಣು ಹೊರಾಕ ಹೋಗಿದ್ನೆವ್ವ, ಅದ ವರ್ಷ" ಎಂದರು.